ಕಣ್ಣಾರೆ ಕಂಡರೂ ಕೇಳಿ ನೋಡೋಣ



ಇವತ್ತು ನಾವು ಮೊಬೈಲಿನಲ್ಲಿ ಬರುವ ವಿಡಿಯೋ ಬಗ್ಗೆ ಮಾತಾಡೋಣ. ಸಿನಿಮಾ ಹಾಡಿನ ವಿಡಿಯೋ ಅಲ್ಲ. ಸಾಮಾನು ಮಾರುವ ವಿಡಿಯೋ. ಅದರಲ್ಲಿ ಒಂದು ಸಾಮಾನು ತೋರಿಸುತ್ತಾರೆ. ಅದರಿಂದ ಕೆಲಸ ಮಾಡಿಯೂ ತೋರಿಸುತ್ತಾರೆ. ನೋಡುತ್ತ ನೋಡುತ್ತ ನಮಗೂ ಅದು ಬೇಕು ಅನ್ನಿಸುತ್ತದೆ. ಯಾಕೆ?

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹೀಗೇ ಉಳ್ಳಾಗಡ್ಡಿ ಹೆಚ್ಚುವ ಡಬ್ಬಿ ತರಿಸಿದರು. ದಾರ ಎಳೆದರೆ ಒಳಗಿನ ಬ್ಲೇಡು ತಿರುಗುತ್ತದೆ. ವಿಡಿಯೋದಲ್ಲಿ ಮೂರೇ ಸಲ ಎಳೆದರು, ಉಳ್ಳಾಗಡ್ಡಿ ಸಣ್ಣಗಾಯಿತು. ಅಕ್ಕ 499 ರೂಪಾಯಿ ಕೊಟ್ಟರು. ಅದು ಅವರ ಎರಡು ದಿನದ ಕೂಲಿ. ನಾಲ್ಕನೇ ದಿನಕ್ಕೆ ದಾರ ಕಿತ್ತು ಬಂತು. ಮನೆಯಲ್ಲಿ ಬೈಸಿಕೊಂಡರು.

"ನಾ ಕಣ್ಣಾರೆ ನೋಡೀನ್ರೀ ಅಕ್ಕೋರ. ನಂಬದ ಏನ್ ಮಾಡ್ಲಿ?" ಅಂದರು.

ಅವರ ಮಾತು ಖರೆ. ಅದಕ್ಕೇ ನಾವೆಲ್ಲ ಕೂತು ಆ ವಿಡಿಯೋ ಮತ್ತೆ ನೋಡಿದೆವು.

ಮೊದಲು ಒಬ್ಬ ಹೆಂಗಸು ಈಳಿಗೆ ಮಣೆ ಮುಂದೆ ಕೂತು ಕಣ್ಣೀರು ಒರೆಸಿಕೊಳ್ಳುತ್ತಾಳೆ. ಅದು ನಮ್ಮದೇ ಕಷ್ಟ. ಅಲ್ಲಿಗೇ ನಮ್ಮ ಮನಸ್ಸು ಅರ್ಧ ಒಪ್ಪಿತು. ಆಮೇಲೆ ಡಬ್ಬಿ ಬರುತ್ತದೆ. ಯಾರೂ ಉದ್ದ ಭಾಷಣ ಮಾಡುವುದಿಲ್ಲ. ಕೆಲಸ ಮಾಡಿ ತೋರಿಸುತ್ತಾರೆ. ಹತ್ತು ಮಾತಿಗಿಂತ ಒಂದು ಕೆಲಸವನ್ನು ನಾವು ಬೇಗ ನಂಬುತ್ತೇವೆ. ಮಾಡಿ ತೋರಿಸಿದವಳೂ ನಮ್ಮಂಥವಳೇ. ನಮ್ಮಂಥದೇ ಸೀರೆ, ನಮ್ಮಂಥದೇ ಅಡಿಗೆ ಮನೆ. "ಆಕಿಗೆ ಬಂದದ್ದು ನನಗೂ ಬರ್ತದ" ಅಂತ ಧೈರ್ಯ ಬರುತ್ತದೆ.

ಈ ಶಕ್ತಿಯಿಂದ ಒಳ್ಳೆಯದೂ ಆಗುತ್ತದೆ. 2006ರಲ್ಲಿ ಬೆಂಗಳೂರಿನಲ್ಲಿ ಡಿಜಿಟಲ್ ಗ್ರೀನ್ ಎಂಬ ಯೋಜನೆ ಶುರುವಾಯಿತು. ಬೇಸಾಯದ ಪದ್ಧತಿಗಳನ್ನು ವಿಡಿಯೋದಲ್ಲಿ ರೈತರಿಗೆ ತೋರಿಸುವ ಯೋಜನೆ ಅದು. ವಿಡಿಯೋದಲ್ಲಿ ಸಿನಿಮಾ ನಟರು ಇರಲಿಲ್ಲ. ಆ ಕಡೆಯ ರೈತರೇ ಇದ್ದರು. ತೋರಿಸುವವರು ನಡುನಡುವೆ ವಿಡಿಯೋ ನಿಲ್ಲಿಸಿ, ನೋಡುವವರ ಜೊತೆ ಮಾತಾಡುತ್ತಿದ್ದರು. ಪ್ರಶ್ನೆ ಕೇಳಲು ಅವಕಾಶವಿತ್ತು.

ನಾವೂ ಹಾಗೇ ಡಬ್ಬಿಯ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಆಗ ಬೇರೆ ಸಂಗತಿ ಕಂಡವು. ಮೂರನೇ ಸಲ ದಾರ ಎಳೆದಾಗ ಚಿತ್ರ ಕತ್ತರಿಸಿದೆ. ಮುಂದಿನ ಚಿತ್ರದಲ್ಲಿ ಉಳ್ಳಾಗಡ್ಡಿ ಸಣ್ಣಗಾಗಿದೆ. ನಡುವೆ ಎಷ್ಟು ಸಲ ಎಳೆದರೋ ಯಾರು ಬಲ್ಲರು? ಡಬ್ಬಿ ತೊಳೆಯುವುದನ್ನು ತೋರಿಸಿಲ್ಲ. ತಿಂಗಳಾದ ಮೇಲೆ ಹೇಗಿರುತ್ತದೆ ಎಂದೂ ತೋರಿಸಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ "ಮಾರಿದ ಮಾಲು ವಾಪಸ್ ಇಲ್ಲ" ಎಂದು ಬರೆದಿತ್ತು.

ಅಕ್ಕ ಅದನ್ನು ಅಕ್ಷರ ಕೂಡಿಸಿ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಓದಾಕ ಬರ್ತಿತ್ರೀ. ಆದ್ರ ಓದಬೇಕು ಅಂತ ಹೊಳೀಲಿಲ್ಲ" ಅಂದರು.

ಸಂತೆಯಲ್ಲಿ ನಾವು ಗಡಿಗೆಯನ್ನು ಬೆರಳಿನಿಂದ ತಟ್ಟಿ ನೋಡುತ್ತೇವೆ. ಸೀರೆಯ ಸೆರಗು ಹಿಡಿದು ನೋಡುತ್ತೇವೆ. ವಿಡಿಯೋದಲ್ಲಿ ಮುಟ್ಟಿ ನೋಡಲು ಆಗುವುದಿಲ್ಲ. ಆದ್ದರಿಂದ ಮುಟ್ಟುವ ಬದಲು ಕೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರಲ್ಲ!

ಕಾಯಿದೆಯೂ ನಮ್ಮ ಕಡೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಪ್ರಕಾರ ಸುಳ್ಳು ಜಾಹೀರಾತು ಕೊಡುವುದು ತಪ್ಪು. ಮೋಸವಾದರೆ 1915 ನಂಬರಿಗೆ ಫೋನ್ ಮಾಡಿ ದೂರು ಕೊಡಬಹುದು. ಕನ್ನಡದಲ್ಲೇ ಮಾತಾಡಬಹುದು. ಬಿಲ್ಲು, ಪಾರ್ಸಲ್ ಮೇಲಿನ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ನಮ್ಮ ಸಂಘದವರೂ ಖಡಕ್ ರೊಟ್ಟಿ ಮಾರಲು ಒಂದು ವಿಡಿಯೋ ಮಾಡಿದ್ದರು. ಎಲ್ಲರೂ ಹೊಸ ಸೀರೆ ಉಟ್ಟು ಸಾಲಾಗಿ ನಿಂತರು. "ನಮ್ಮ ರೊಟ್ಟಿ ಶುಚಿ, ರುಚಿ" ಎಂದು ಬಾಯಿಪಾಠ ಒಪ್ಪಿಸಿದರು. ಒಂದು ಫೋನೂ ಬರಲಿಲ್ಲ.

ಡಬ್ಬಿಯ ವಿಡಿಯೋ ನೋಡಿದ ಮೇಲೆ ಮತ್ತೊಂದು ಮಾಡಿದರು. ಈ ಸಲ ಉಟ್ಟ ಸೀರೆಯಲ್ಲೇ ಕೂತರು. ಜೋಳದ ಹಿಟ್ಟು ನಾದಿದರು, ಪಟಪಟ ರೊಟ್ಟಿ ಬಡಿದರು, ಬೇಯಿಸಿದರು. ನಡುವೆ ಎಲ್ಲೂ ಕತ್ತರಿಸಲಿಲ್ಲ. ಆರಿ ಗರಿಯಾದ ರೊಟ್ಟಿಯನ್ನು ಕಟ್ ಎಂದು ಮುರಿದು ತೋರಿಸಿದರು. ಕಟ್ಟಿನಲ್ಲಿ ಎಷ್ಟು ರೊಟ್ಟಿ, ಬೆಲೆ ಎಷ್ಟು, ಎಂದು ಮಾಡಿದ್ದು, ಎಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಹಿಡಿದರು.

ಬರೆದವರು ಆ ಡಬ್ಬಿಯ ಅಕ್ಕನೇ. ಕೊನೆಗೆ ಒಂದು ಸಾಲು ತಾವೇ ಸೇರಿಸಿದರು: "ದಾರಿಯಲ್ಲಿ ಒಂದೆರಡು ಮುರಿಯಬಹುದು. ಹೆಚ್ಚು ಮುರಿದರೆ ಹೇಳಿ, ಬೇರೆ ಕೊಡುತ್ತೇವೆ."

"ಹಿಂಗ ಬರದ್ರ ಯಾರ್ ತಗೋತಾರ?" ಎಂದು ಉಳಿದವರು ನಕ್ಕರು. ಆದರೆ ಮೊದಲು ಫೋನ್ ಮಾಡಿದವರು ಹೇಳಿದ್ದೇನು ಗೊತ್ತೇ? "ಮುರೀತಾವ ಅಂತ ನೀವೇ ಹೇಳೀರಲ್ಲ, ಅದಕ್ಕ ನಂಬಿಕಿ ಬಂತು. ನಾಕು ಕಟ್ಟು ಕಳಸ್ರಿ."

ಅಕ್ಕ ತಂಗಿಯರೇ, ಇವತ್ತು ಮನೆಗೆ ಹೋಗಿ ಇಂಥ ಒಂದು ವಿಡಿಯೋ ನೋಡಿ. ನಡುವೆ ನಿಲ್ಲಿಸಿ. ಈ ಮೂರು ಪ್ರಶ್ನೆಗೆ ಉತ್ತರ ನಿಮ್ಮ ನೋಟ್ ಬುಕ್ಕಿನಲ್ಲಿ ಬರೆಯಿರಿ.

ಏನು ತೋರಿಸಿದರು?
ಏನು ತೋರಿಸಲಿಲ್ಲ?
ಕೆಟ್ಟರೆ ಯಾರನ್ನು ಕೇಳಬೇಕು?

ನಾಳೆ ಬಂದು ಎಲ್ಲರ ಮುಂದೆ ಓದೋಣ.