ಆಲೆಮನೆಯ ಆವಿಯೂ ಒಡೆಯನ ಹೊಣೆಯೂ

ಮಳವಳ್ಳಿ ತಾಲ್ಲೂಕಿನ ಬಂಡೂರು ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಅಲ್ಲಿಯ ಕುರಿ. ಅದರಲ್ಲಿ ತಪ್ಪೇನೂ ಇಲ್ಲ. ಆ ಗಿಡ್ಡ ಕಾಲಿನ ಕುರಿಯ ಕೀರ್ತಿ ಊರಿನ ಕೀರ್ತಿಯನ್ನೂ ಮೀರಿದುದು. ಆದರೆ ನಾವು ಇಂದು ಅರಿಕೆಮಾಡಬೇಕೆಂದಿರುವುದು ಅದೇ ಸೀಮೆಯ ಬೆಲ್ಲವನ್ನು ಕುರಿತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಬ್ಬಿನ ಗದ್ದೆಗಳ ನಡುವೆ ಹೊಗೆಯಾಡುವ ಆಲೆಮನೆಗಳನ್ನು ಶ್ರೋತೃಗಳು ರಸ್ತೆಯಿಂದಲಾದರೂ ನೋಡಿದ್ದಾರು. ಅಲ್ಲಿಯ ಬೆಲ್ಲ ಹೊಂಬಣ್ಣದ್ದಾದರೆ ನಮಗೆ ಮೆಚ್ಚು. ಕಪ್ಪಗಿದ್ದರೆ ಅಂಗಡಿಯವನೊಡನೆ ವಾದ.

ಈ ಹೊಂಬಣ್ಣ ಅನೇಕ ವೇಳೆ ಕಬ್ಬಿನದಲ್ಲ, ಹೈಡ್ರೋಸ್ ಎಂಬ ಬಿಳಿಯ ಪುಡಿಯದು. ಸೋಡಿಯಂ ಹೈಡ್ರೋಸಲ್ಫೈಟ್ ಎಂಬುದು ಇದರ ಶಾಸ್ತ್ರೀಯ ನಾಮ. ಕುದಿಯುವ ಕೊಪ್ಪರಿಗೆಗೆ ಇದನ್ನು ಎರಚಿದಾಗ ರಸದ ಕಪ್ಪು ತಿಳಿಯಾಗುತ್ತದೆ. ಅದರೊಡನೆ ಗಂಧಕದ ಡೈಆಕ್ಸೈಡ್ ಎಂಬ ಅನಿಲವೂ ಏಳುತ್ತದೆ. ಕಣ್ಣನ್ನು ಉರಿಸಿ, ಗಂಟಲನ್ನು ಕೆರಳಿಸಿ, ಉಬ್ಬಸವುಳ್ಳವರ ಉಸಿರನ್ನು ಹಿಡಿಯುವ ಅನಿಲವದು. ಪುಡಿಯ ಡಬ್ಬಿಗೆ ತೇವ ತಗುಲಿದರೆ ತಾನೇ ಕಾದು ಹೊತ್ತಿಕೊಳ್ಳುವುದೂ ಉಂಟು. ಕೊಪ್ಪರಿಗೆಯ ಮೇಲೆ ಬಗ್ಗಿ ಪಾಕದ ಹದವನ್ನು ನೋಡುವವನ ಮುಖ ಈ ಆವಿಗೆ ಒಂದು ಮೊಳ ದೂರದಲ್ಲಿರುತ್ತದೆ.

ತಿನ್ನುವವರಾದ ನಮ್ಮನ್ನು ಕಾನೂನು ಮರೆತಿಲ್ಲ. ಒಂದು ಕಿಲೋಗ್ರಾಂ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಮಿಲಿಗ್ರಾಂ ಮೀರಕೂಡದೆಂದು ಆಹಾರದ ನಿಯಮ ಹೇಳುತ್ತದೆ. ಬೇಯಿಸುವವನ ಸಂಗತಿಯೇನು?

1948ರ ಕಾರ್ಖಾನೆಗಳ ಶಾಸನವು ಒಡೆಯನ ಮೇಲೆ ಸ್ಪಷ್ಟವಾದ ಹೊಣೆಗಳನ್ನು ಹೊರಿಸಿತ್ತು. ಧೂಳಾಗಲಿ ವಿಷದ ಹೊಗೆಯಾಗಲಿ ಎಲ್ಲಿ ಹುಟ್ಟುವುದೋ ಅದಕ್ಕೆ ಆದಷ್ಟು ಸಮೀಪದಲ್ಲಿಯೇ ಅದನ್ನು ಹೀರಿ ಹೊರದೂಡತಕ್ಕದ್ದು. ಅನಿಲ ತುಂಬಿರಬಹುದಾದ ತೊಟ್ಟಿಯೊಳಕ್ಕೆ, ಯೋಗ್ಯನಾದವನು ಪರೀಕ್ಷಿಸಿ ಬರಹದಲ್ಲಿ ಒಪ್ಪಿಗೆ ಕೊಟ್ಟ ಹೊರತು, ಇಲ್ಲವೇ ಉಸಿರಾಟದ ಉಪಕರಣವನ್ನೂ ಹೊರಗಿನವನ ಕೈಯಲ್ಲಿರುವ ಹಗ್ಗವನ್ನೂ ಕಟ್ಟಿಕೊಂಡ ಹೊರತು, ಯಾರೂ ಇಳಿಯಕೂಡದು. 1984ರ ಭೋಪಾಲದ ದುರಂತವಾದ ಮೇಲೆ, 1987ರ ತಿದ್ದುಪಡಿಯಲ್ಲಿ ಇನ್ನಷ್ಟು ಸೇರಿತು: ಪಟ್ಟಿಮಾಡಿದ ಅಪಾಯದ ಕಸಬುಗಳಲ್ಲಿ ಪದಾರ್ಥದ ಕೇಡನ್ನು ಕೆಲಸಗಾರನಿಗೆ ಮುಂಚಿತವಾಗಿ ತಿಳಿಸಬೇಕು, ಕಾರ್ಖಾನೆಯ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಎಂಟು ಗಂಟೆಗಳ ಸರಾಸರಿಯಲ್ಲಿ ಹತ್ತು ಲಕ್ಷಕ್ಕೆ 2 ಭಾಗವನ್ನು ಮೀರಬಾರದು.

ಆದರೆ ಇವೆಲ್ಲ "ಕಾರ್ಖಾನೆ" ಎನಿಸಿಕೊಂಡ ಸ್ಥಳಕ್ಕೆ. ಯಂತ್ರಶಕ್ತಿಯಿದ್ದ ಕಡೆ 10 ಮಂದಿ ಕೆಲಸಗಾರರಿದ್ದರೆ ಅದು ಕಾರ್ಖಾನೆಯೆಂದು ಹಳೆಯ ಶಾಸನದ ಲೆಕ್ಕ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಕೆಲಸದ ಸ್ಥಳವನ್ನು ಅಪಾಯರಹಿತವಾಗಿಡುವ ಸಾಮಾನ್ಯ ಹೊಣೆಯನ್ನಾದರೂ 10 ಮಂದಿಯಿಂದಲೇ ಇರಿಸಿತು. ಸಣ್ಣ ಆಲೆಮನೆಯಲ್ಲಿ ಗಾಣಕ್ಕೆ, ಒಲೆಗೆ, ಕೊಪ್ಪರಿಗೆಗೆ, ಅಚ್ಚಿಗೆ ಎಂದು ಎಣಿಸಿದರೆ ಹತ್ತು ಮುಟ್ಟುವುದು ಕಷ್ಟ. ಎಂಟು ಜನರ ನಡುವಿನ ಆವಿ ಇಪ್ಪತ್ತು ಜನರ ನಡುವಿನ ಆವಿಗಿಂತ ಸಾಧುವೆಂದು ಯಾವ ರಸಾಯನಶಾಸ್ತ್ರವೂ ಹೇಳಿದಂತಿಲ್ಲ.

ಇಂಗ್ಲೆಂಡಿನಲ್ಲಿ 1988ರಲ್ಲಿ ಮಾಡಿ 2002ರಲ್ಲಿ ಪರಿಷ್ಕರಿಸಿದ ನಿಯಮಗಳಲ್ಲಿ ಇಂತಹ ತಲೆಯೆಣಿಕೆಯಿಲ್ಲ. ಒಬ್ಬನೇ ಆಳಿದ್ದರೂ ಒಡೆಯನು ಕೆಲಸಕ್ಕೆ ಮೊದಲು ಕೇಡನ್ನು ಅಳೆಯಬೇಕು. ಕೇಡಿನ ಪದಾರ್ಥವನ್ನೇ ಬಿಡಲಾಗುವುದೇ ಎಂಬುದು ಮೊದಲ ಪ್ರಶ್ನೆ. ಮುಖಕ್ಕೆ ಮುಸುಕು ಕಟ್ಟಿಸುವುದು ಕಟ್ಟಕಡೆಯ ಉಪಾಯ. ನಮ್ಮಲ್ಲಿ ಆ ಮೊದಲ ಪ್ರಶ್ನೆಗೆ ಉತ್ತರ ಹೊಲದಲ್ಲಿಯೇ ಇದೆ. ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯಿಂದ ರಸದ ಕೊಳೆಯನ್ನು ಎತ್ತುವ ಪದ್ಧತಿ ಹಳೆಯದು. ಬೆಲ್ಲ ತುಸು ಕಂದಾಗುತ್ತದೆ, ಅಷ್ಟೆ.

ಹೊಸ ಸಂಹಿತೆಯಲ್ಲಿ ಒಂದು ಬಾಗಿಲು ತೆರೆದಿದೆ. ಅಪಾಯಕರವೆಂದು ಕೇಂದ್ರ ಸರ್ಕಾರವು ಪ್ರಕಟಿಸಿದ ಕಸಬಿಗೆ ಆಳುಗಳ ಸಂಖ್ಯೆ ಅಡ್ಡಬರುವುದಿಲ್ಲ. ಆ ಪ್ರಕಟಣೆಯಲ್ಲಿ ಹೈಡ್ರೋಸ್ ಬಳಸುವ ಕೊಪ್ಪರಿಗೆಯನ್ನೂ ಸೇರಿಸಬೇಕೆಂಬುದು ನಮ್ಮ ಕೋರಿಕೆ.