ನಮ್ಮ ಊರಿನ ಮಾತು, ವಿಶ್ವವಿದ್ಯಾಲಯದ ಬಾಗಿಲು

(ಕೋಡಿಹಳ್ಳಿಯಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಪಿಯುಸಿಯಲ್ಲಿ ಹೆಚ್ಚು ಅಂಕ ಬಂದರೆ ಇಂಜಿನಿಯರಿಂಗ್, ಸ್ವಲ್ಪ ಕಡಿಮೆಯಾದರೆ ಬಿ.ಕಾಂ., ಏನೂ ಸಿಗದಿದ್ದರೆ ಬಿ.ಎ. ನಮ್ಮ ಮನೆಗಳಲ್ಲಿ ನಡೆಯುವ ಲೆಕ್ಕ ಇದು. ಮಗಳು ಇತಿಹಾಸವನ್ನೋ ಕನ್ನಡವನ್ನೋ ತೆಗೆದುಕೊಂಡರೆ ನೆಂಟರು ಕೇಳುವ ಮೊದಲ ಪ್ರಶ್ನೆ, "ಅದನ್ನು ಓದಿ ಏನು ಮಾಡ್ತಾಳೆ?" ಪ್ರಶ್ನೆ ತಪ್ಪಲ್ಲ. ಹೊಟ್ಟೆಯ ಪ್ರಶ್ನೆ ದೊಡ್ಡದೇ. ಅದಕ್ಕೆ ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು, ಈ ಓದು ಏನು ಮಾಡಬಲ್ಲದು ಎಂಬುದಕ್ಕೆ ಒಬ್ಬರ ಉದಾಹರಣೆ ಹೇಳುತ್ತೇನೆ.

ಹಂಪಿಯಲ್ಲಿ 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ನಾಡು, ನುಡಿ, ಜನಜೀವನದ ಸಂಶೋಧನೆಗೆಂದೇ ಹುಟ್ಟಿದ ಸಂಸ್ಥೆ ಅದು. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ರಹಮತ್ ತರೀಕೆರೆ. 1998ರಲ್ಲಿ ಅವರ 'ಕರ್ನಾಟಕದ ಸೂಫಿಗಳು' ಪ್ರಕಟವಾಯಿತು. ಗ್ರಂಥಾಲಯದ ಕುರ್ಚಿಯಲ್ಲಿ ಕುಳಿತು ಮಾತ್ರ ಬರೆದ ಪುಸ್ತಕವಲ್ಲ. ದರ್ಗಾಗಳಿಗೆ ಹೋಗಿ, ಉರುಸುಗಳಲ್ಲಿ ಜನರ ನಡುವೆ ಕುಳಿತು, ಅವರ ಮಾತು ಕೇಳಿ ಕಟ್ಟಿದ ಕೆಲಸ. ಆಮೇಲೆ ನಾಥಪಂಥದ ಮೇಲೆ, ಶಾಕ್ತಪಂಥದ ಮೇಲೆ, ಮೊಹರಂ ಮೇಲೆ ಪುಸ್ತಕ ಬರೆದರು. ಮುಸ್ಲಿಮರಾದ್ದರಿಂದ ಮುಸ್ಲಿಮರ ಬಗ್ಗೆ ಮಾತ್ರ ಬರೆಯಬೇಕೆಂದು ಅವರು ಬೇಲಿ ಹಾಕಿಕೊಳ್ಳಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರ ವಿಮರ್ಶೆಯ ಕೃತಿಗೆ.

ಮೊಹರಂ ವಿಷಯವನ್ನೇ ನೋಡಿ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಒಂದೂ ಮನೆಯಿಲ್ಲದ ಹಳ್ಳಿಗಳಲ್ಲಿ ಪಂಜಾ ಕೂರಿಸುತ್ತಾರೆ, ಅಲಾವಿ ಸುತ್ತ ಹೆಜ್ಜೆ ಹಾಕುತ್ತಾರೆ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಈ ಆಚರಣೆ ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮಲ್ಲಿ ಇದೆ, ಇರಲಿ. ಸಂಶೋಧಕನ ಕೆಲಸ ಫತ್ವಾ ಕೊಡುವುದಲ್ಲ. ಏನು ನಡೆಯುತ್ತಿದೆ, ಯಾರು ಹಾಡುತ್ತಾರೆ, ಅವರಿಗೆ ಅದು ಏನಾಗಿದೆ ಎಂದು ನೋಡಿ, ಕೇಳಿ, ಬರೆದಿಡುವುದು. ಬರೆದಿಡದೆ ಹೋದರೆ ನಾಳೆ ಯಾರೋ ಬಂದು, ಇದೆಲ್ಲ ಇರಲೇ ಇಲ್ಲ ಎನ್ನಬಹುದು. ಆಗ ನಾವು ಯಾವ ಪುಟ ತೆರೆದು ತೋರಿಸೋಣ?

ಈಗ ನಮ್ಮ ಸೀಮೆಗೆ ಬನ್ನಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಗೂಡು ಬೆಳೆಯುವವರು ಹೆಚ್ಚಾಗಿ ಒಕ್ಕಲು ಮಕ್ಕಳು, ಗೂಡು ಕೊಂಡು ನೂಲು ಬಿಚ್ಚುವವರಲ್ಲಿ ನಮ್ಮವರು ಬಹಳ. ಹರಾಜಿನ ಕಟ್ಟೆಯಲ್ಲಿ ಇಬ್ಬರ ನಡುವೆ ನಡೆಯುವ ಮಾತು, ನಂಬಿಕೆಯ ಸಾಲ, ಜಗಳ, ಮದುವೆಗೆ ಕರೆಯುವ ಸ್ನೇಹ, ಇದರ ಚರಿತ್ರೆ ಒಂದು ಪಿಎಚ್.ಡಿ.ಗೆ ಸಾಲದೇ? ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವ ಹೆಂಗಸರ ಬೆರಳುಗಳ ಕಥೆಯನ್ನು ಅವರ ಬಾಯಿಂದ ಕೇಳಿ ಬರೆಯಲು ಅವರ ಮನೆಯ ಹೆಣ್ಣುಮಗಳಿಗಿಂತ ತಕ್ಕವರು ಯಾರು? ಚನ್ನಪಟ್ಟಣದಲ್ಲಿ ಹಾಲೆಮರವನ್ನು ಲೇತಿಗೆ ಕೊಟ್ಟು, ತಿರುಗುವಾಗಲೇ ಅರಗು ಹಿಡಿದು ಬಣ್ಣ ಏರಿಸುವ ಕುಶಲಕರ್ಮಿಗಳ ನುಡಿಗಟ್ಟು ಬೇರೆಯೇ ಇದೆ. ಬೊಂಬೆ ಅಂಗಡಿಯಲ್ಲಿ ಸಿಗುತ್ತದೆ, ಆ ಮಾತು ಸಿಗುವುದಿಲ್ಲ. ಉಸ್ತಾದರು ತೀರಿಕೊಂಡರೆ ಅದೂ ಹೋಯಿತು.

ನಾವು ಮನೆಯಲ್ಲಾಡುವ ದಖನಿಯನ್ನು ನಾವೇ 'ಒಡಕು ಉರ್ದು' ಎಂದು ನಾಚಿಕೊಳ್ಳುತ್ತೇವೆ. ನನಗೆ ಇದು ಸರಿಯೆನಿಸುವುದಿಲ್ಲ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಮೇಲೆ 'ಕಿತಾಬ್-ಎ-ನೌರಸ್' ರಚಿಸಿದ್ದು ದಖನಿಯಲ್ಲಿ. ನಿಮ್ಮ ಅಜ್ಜಿಯ 'ನಕ್ಕೋ' ಮರಾಠಿಯ ನಂಟಿನಿಂದ ಬಂದ ಮಾತು. ಕೋಡಿಹಳ್ಳಿಯ ಕಡೆ, ತಮಿಳುನಾಡಿನ ಗಡಿಯ ಹತ್ತಿರ, ಆ ದಖನಿಗೆ ಕನ್ನಡವೆಷ್ಟು, ತಮಿಳೆಷ್ಟು ಸೇರಿದೆ? ಒಂದು ನೋಟ್‌ಬುಕ್ ಹಿಡಿದು ಇವತ್ತೇ ಶುರುಮಾಡಬಹುದು.

ಸಾಂಸ್ಕೃತಿಕ ಕಾರ್ಯಕ್ರಮಗಳ ಬಗ್ಗೆ ಒಂದು ಮಾತು. ಮೈಸೂರು ದಸರಾ ಸಮಯದಲ್ಲಿ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ, ಕಾಲೇಜುಗಳ ತಂಡಗಳು ಕುಣಿಯುತ್ತವೆ. ಸಂತೋಷವೇ. ಆದರೆ ಬಾಡಿಗೆಯ ಉಡುಪು ತೊಟ್ಟು, ಧ್ವನಿಮುದ್ರಿಕೆ ಹಾಕಿ ಮಾಡಿದ್ದೆಲ್ಲ ಜಾನಪದವಾಗುವುದಿಲ್ಲ. ಅದೇ ಮೈಸೂರಿನಲ್ಲಿ, ಜಯಲಕ್ಷ್ಮೀ ವಿಲಾಸದಲ್ಲಿ, ವಿಶ್ವವಿದ್ಯಾಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ಕುಣಿಯುವ ತಂಡ ಒಮ್ಮೆ ಅಲ್ಲಿಗೆ ಹೋಗಿ ಬಂದರೆ ಹೆಜ್ಜೆಯೇ ಬದಲಾದೀತು. ಅಷ್ಟು ದೂರವೂ ಬೇಡ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹೆದ್ದಾರಿ ಪಕ್ಕದಲ್ಲೇ ಇದೆ. ಅವರು ಐಎಎಸ್ ಅಧಿಕಾರಿಯಾಗಿದ್ದವರು, ನಿವೃತ್ತಿಯ ವಯಸ್ಸಿನಲ್ಲಿ ಹಳ್ಳಿಹಳ್ಳಿ ತಿರುಗಿ ಹಾಡು, ಕಥೆ, ಕುಣಿತಗಳನ್ನು ದಾಖಲಿಸಿದರು.

ಕನ್ನಡ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ 'ನುಡಿಹಬ್ಬ' ಎಂದು ಹೆಸರು. ಅಲ್ಲಿ ಕೊಡುವ ಗೌರವ ಪದವಿ 'ನಾಡೋಜ'. ಅಕ್ಷರ ಕಲಿಯದ ಬುರ್ರಕಥೆಯ ದರೋಜಿ ಈರಮ್ಮನವರಿಗೆ ಅದು ಸಂದಿದೆ, ನಮ್ಮ ಕೆ.ಎಸ್. ನಿಸಾರ್ ಅಹಮದರಿಗೂ ಸಂದಿದೆ. ನಿಸಾರ್ ಪಾಠ ಹೇಳಿದ್ದು ಭೂವಿಜ್ಞಾನ ಎಂಬುದನ್ನು ವಿಜ್ಞಾನದ ಮಕ್ಕಳು ನೆನಪಿಡಿ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಆ ಕಥೆಗಳಲ್ಲಿರುವುದು ನಮ್ಮ ಓಣಿಯ ಹೆಂಗಸರೇ.

ಇನ್ನು ಹೊಟ್ಟೆಯ ಪ್ರಶ್ನೆ. ಅಲ್ಪಸಂಖ್ಯಾತ ಸಂಶೋಧಕರಿಗೆ ಸಿಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಬಡ ಮನೆಯ ಮಕ್ಕಳಿಗೆ ಅದು ದೊಡ್ಡ ಪೆಟ್ಟು, ಮುಚ್ಚಿಡುವುದು ಬೇಡ. ಆದರೆ ಯುಜಿಸಿಯ ನೆಟ್ ಪರೀಕ್ಷೆ ಇದೆ. ಅದರಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಕನ್ನಡ, ಉರ್ದು, ಇತಿಹಾಸ, ಸಮಾಜಶಾಸ್ತ್ರ ಎಲ್ಲಕ್ಕೂ ಪರೀಕ್ಷೆ ಇದೆ. ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಪೋಷಕರಲ್ಲಿ ನನ್ನ ವಿನಂತಿ ಒಂದೇ: ಬಿ.ಎ. ಮುಗಿದ ಕೂಡಲೇ ಮಗಳ ಮದುವೆಯ ಮಾತು ತೆಗೆಯುವ ಮುಂಚೆ ಈ ಎರಡು ವರ್ಷ ಕೊಟ್ಟು ನೋಡಿ.

ಎಂ.ಎ. ಓದುತ್ತಿರುವವರು, ನೆಟ್ ಬಗ್ಗೆ ಕೇಳಬೇಕೆನ್ನುವವರು ಸಭೆ ಮುಗಿದ ಮೇಲೆ ಬನ್ನಿ. ಊಟದ ಹೊತ್ತಿನವರೆಗೂ ನಾನು ಇಲ್ಲೇ ಇರುತ್ತೇನೆ, ಹಳೆಯ ಪ್ರಶ್ನೆಪತ್ರಿಕೆಗಳನ್ನೂ ತಂದಿದ್ದೇನೆ.