ಕಾಂಗ್ರೆಸ್ ಕಸ, ಚರ್ಮ ಮತ್ತು ದುಗ್ಧಗ್ರಂಥಿಗಳು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ರೈತರಿಗೆಲ್ಲ ಕಾಂಗ್ರೆಸ್ ಕಸ ಗೊತ್ತು. ಅದರ ಒಣ ಪುಡಿ ಗಾಳಿಯಲ್ಲಿ ಬಂದು ಮೈಗೆ ತಾಗಿದರೆ ಕೆಲವರಿಗೆ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ವಿಪರೀತ ತುರಿಕೆ. ತುರಿಸಿ ತುರಿಸಿ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ.

ಇದು ಬರೀ ಮೇಲಿನ ಚರ್ಮದ ರೋಗವೆಂದು ತಿಳಿಯಬೇಡಿ. ಆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತುವನ್ನು ಚರ್ಮದ ಕಾವಲು ಕಣಗಳು ಹಿಡಿದು ಕುತ್ತಿಗೆ, ಕಂಕುಳು, ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಅದನ್ನು ವೈರಿಯೆಂದು ಗುರುತಿಟ್ಟುಕೊಂಡು, ಸಂಖ್ಯೆಯಲ್ಲಿ ಹೆಚ್ಚಿ, ಚರ್ಮಕ್ಕೆ ಬಂದು ಉರಿಯೂತ ಎಬ್ಬಿಸುತ್ತವೆ. ಈ ನೆನಪು ವರ್ಷಗಟ್ಟಲೆ ಅಳಿಯದು. ಆದ್ದರಿಂದಲೇ ಮುಲಾಮಿನಿಂದ ವಾಸಿಯಾದರೂ ಕಸ ಮತ್ತೆ ತಾಗಿದ ಒಂದೆರಡು ದಿನಗಳಲ್ಲಿ ತುರಿಕೆ ಮರುಕಳಿಸುತ್ತದೆ.

ಬಹುದಿನದ ಉರಿಯೂತದಿಂದ ಗ್ರಂಥಿ ಊದಿ ಗಂಟಿನಂತೆ ಕೈಗೆ ಸಿಗಬಹುದು. ಗಾಬರಿ ಬೇಡ, ಸಾಮಾನ್ಯವಾಗಿ ಚರ್ಮ ವಾಸಿಯಾದಂತೆ ಅದೂ ಇಳಿಯುತ್ತದೆ. ಎರಡು ವಾರವಾದರೂ ಇಳಿಯದಿದ್ದರೆ, ಗಟ್ಟಿಯಾದರೆ, ಜ್ವರ ಬಂದರೆ, ತೂಕ ಕಡಿಮೆಯಾದರೆ ವೈದ್ಯರಿಗೆ ತೋರಿಸಿ.

ನೀವು ಮಾಡಬೇಕಾದದ್ದು:

* ಕಸ ಕೀಳುವ ಕೆಲಸವನ್ನು ಅಲರ್ಜಿ ಇಲ್ಲದವರಿಗೆ ಬಿಡಿ. ಒಣ ಕಸ ಸುಡಬೇಡಿ.
* ಹೊಲಕ್ಕೆ ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಮರಳಿ ಬಂದೊಡನೆ ಸ್ನಾನ ಮಾಡಿ, ಬಟ್ಟೆ ಬದಲಿಸಿ.
* ಸ್ಟೀರಾಯ್ಡ್ ಗುಳಿಗೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಅದು ಲಿಂಫೋಸೈಟ್‌ಗಳ ಬಲ ಕುಗ್ಗಿಸಿ ಬೇರೆ ಸೋಂಕಿಗೆ ದಾರಿ ಮಾಡುತ್ತದೆ. ಬಹುದಿನದಿಂದ ನುಂಗುತ್ತಿರುವವರು ಒಮ್ಮೆಲೇ ನಿಲ್ಲಿಸಲೂಬಾರದು, ವೈದ್ಯರನ್ನು ಕೇಳಿ.

ಮುಲಾಮು ಉರಿ ತಗ್ಗಿಸುತ್ತದೆ. ಆದರೆ ರೋಗ ಮರಳದಿರಬೇಕಾದರೆ ಕಸದಿಂದ ದೂರವಿರಲೇಬೇಕು.